ಸಹಾಯ ಬೇಕು: ಗ್ರೀನ್‌ಸ್ಟ್ರೀಟ್ ಅವರ 'ದಿ ವರ್ಡಿಕ್ಟ್' (1946) ಡಿವಿಡಿ ಯಾರ ಬಳಿ ಇದೆ?

ನಮಸ್ಕಾರ. ಸಿಡ್ನಿ ಗ್ರೀನ್‌ಸ್ಟ್ರೀಟ್ ಮತ್ತು ಪೀಟರ್ ಲೊರೆ ಜೋಡಿಯ ಈ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಸಿದ್ಧವಾಗುತ್ತಿದೆ. ಇಂಗ್ಲೆಂಡಿನ ಕೆಂಟ್‌ನಲ್ಲಿ ಹುಟ್ಟಿದ ಗ್ರೀನ್‌ಸ್ಟ್ರೀಟ್, ಸುಮಾರು ನಾಲ್ಕು ದಶಕ ನಾಟಕವಾಡಿ 61ನೇ ವಯಸ್ಸಿನಲ್ಲಿ ಸಿನಿಮಾಕ್ಕೆ ಬಂದವರು. 1941ರ ಮೊದಲ ಚಿತ್ರಕ್ಕೇ ಆಸ್ಕರ್ ನಾಮನಿರ್ದೇಶನ! 1949ಕ್ಕೆ ಸಿನಿಮಾ ಬದುಕು ಮುಗಿಯಿತು. ಇಂಥ ನಟ ಕನ್ನಡದಲ್ಲಿ ಸಿಗಲೇಬೇಕು.

ತೊಂದರೆ ಇದು: ಈಗಿರುವುದು ಪಾಲ್ (ಯುರೋಪ್, ಭಾರತದ ಹಳೆಯ ಟಿವಿ ಪದ್ಧತಿ) ಪ್ರತಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸಿರುವುದರಿಂದ ಅವಧಿ ಶೇ. 4ರಷ್ಟು ಕಡಿಮೆ, ಅಂದರೆ 86 ನಿಮಿಷ ಸುಮಾರು 82½ ಆಗುತ್ತದೆ. ಇದಕ್ಕೆ ಹೊಂದಿಸಿದ ಸಬ್‌ಟೈಟಲ್ ಸಾಲು ಮೂಲ ವೇಗದ ಡಿಸ್ಕ್‌ನಲ್ಲಿ ಶುರುವಿಗೆ ಸರಿಯಿದ್ದರೂ ಕೊನೆಗೆ ಮೂರು ನಿಮಿಷಕ್ಕೂ ಹೆಚ್ಚು ಮುಂಚೆ ಬರುತ್ತದೆ. ದನಿಯೂ ತುಸು ಏರುತ್ತದೆ. ಗ್ರೀನ್‌ಸ್ಟ್ರೀಟ್ ಅವರ ಆ ಗಂಟಲಾಳದ ನಗು ತೆಳುವಾಗಿ ಕೇಳಿದರೆ ಸಂಕಟವಾಗುತ್ತದೆ.

ಎನ್‌ಟಿಎಸ್‌ಸಿ (ಅಮೆರಿಕದ ಹಳೆಯ ಟಿವಿ ಪದ್ಧತಿ, ಇದರಲ್ಲಿ ಚಿತ್ರ ಮೂಲ ವೇಗದಲ್ಲೇ ಓಡುತ್ತದೆ) ಡಿಸ್ಕ್ ಇರುವವರು ದಯವಿಟ್ಟು ಒಟ್ಟು ಅವಧಿ, ಮೊದಲ ಮತ್ತು ಕೊನೆಯ ಮಾತು ಶುರುವಾಗುವ ಸಮಯ (ಗಂಟೆ, ನಿಮಿಷ, ಸೆಕೆಂಡು) ತಿಳಿಸಿ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ನೋಡಿದರೆ ಸಾಕು. ಆ ಎರಡು ಅಂಕಿ ಸಿಕ್ಕರೆ ಉಳಿದ ಸಾಲುಗಳನ್ನು 'ಸಬ್‌ಟೈಟಲ್ ಎಡಿಟ್' ಎಂಬ ತಂತ್ರಾಂಶದಲ್ಲಿ ಒಟ್ಟಿಗೇ ಹೊಂದಿಸಬಹುದು. 1982ರಲ್ಲಿ ಇದೇ ಹೆಸರಿನ ಕೋರ್ಟ್ ಚಿತ್ರವೂ ಬಂದಿದೆ, ಅದಲ್ಲ. ಡಾನ್ ಸೀಗಲ್ ನಿರ್ದೇಶನದ್ದೇ ಬೇಕು.