ಕಾಫಿ ಫ್ಲೇವರ್ ಸಿಗಾರ್ ಯಾವ್ದು ತಗೊಳ್ಳೋದು? ಗೊತ್ತಿರೋರು ಸ್ವಲ್ಪ ಹೇಳಿ

ಕೊಪ್ಪ_ಟು_ಡಲ್ಲಾಸ್:

ಎಲ್ರಿಗೂ ನಮಸ್ಕಾರ. ನಾನಿರೋದು ಟೆಕ್ಸಾಸಲ್ಲಿ, ಡಲ್ಲಾಸ್ ಹತ್ರ. ಇಲ್ಲಿ ನಮ್ಮ ಫ್ರೆಂಡ್ಸ್ ಗುಂಪಲ್ಲಿ ಇಬ್ರು ಮೂವರು ಸಿಗಾರ್ ಸೇದೋರಿದಾರೆ, ಯಾವಾಗಾದ್ರೂ ಎಲ್ರೂ ಸೇರಿದಾಗ ಊಟ ಆದ್ಮೇಲೆ ಹಿತ್ತಲಲ್ಲಿ ಕೂತು ಒಂದು ಹಚ್ಚೋದು ನಂಗೂ ಅಭ್ಯಾಸ ಆಗಿದೆ, ಸಿಗರೇಟ್ ಇಲ್ಲ, ದಿನಾ ಏನೂ ಇಲ್ಲ. ಆದ್ರೆ ಅವ್ರು ಕೊಡೋ ಸಿಗಾರ್ ಅರ್ಧ ಆಗೋಷ್ಟ್ರಲ್ಲಿ ನಂಗೆ ಖಾರ ಖಾರ ಅನ್ಸುತ್ತೆ, ಬಾಯೆಲ್ಲ ಒಗರು. ಮೊನ್ನೆ ಅಂಗಡಿಗೆ ಹೋದಾಗ ಹ್ಯುಮಿಡಾರ್ ರೂಮಲ್ಲಿ (ಸಿಗಾರ್ ಒಣಗದಂಗೆ ತೇವ ಕಾಪಾಡೋ ರೂಮು) ಒಂದು ಮೂಲೆ ಪೂರ್ತಿ ಕಾಫಿ ಸಿಗಾರೇ ಇಟ್ಟಿದ್ರು, ಆ ವಾಸನೆಗೆ ಅಲ್ಲೇ ನಿಂತ್ಬಿಟ್ಟೆ, ನಮ್ಮೂರಲ್ಲಿ ಕಾಫಿ ಹುರಿಯೋವಾಗ ಬರೋ ಘಮ ಇದ್ದಂಗಿತ್ತು. ಜಾವಾ, ಟಬಾಕ್ ಎಸ್ಪೆಷಲ್ ಅಂತ ಏನೇನೋ ಹೆಸರು, ಅದ್ರಲ್ಲೂ ತಿಳಿ ಬಣ್ಣ, ಕಪ್ಪು ಬಣ್ಣ ಅಂತ ಬೇರೆ ಬೇರೆ. ಏನೂ ಅರ್ಥ ಆಗ್ದೆ ಬರೀ ಕೈಲಿ ವಾಪಸ್ ಬಂದೆ.

ಇದ್ರಲ್ಲಿ ನಿಜವಾದ ಕಾಫಿ ಹಾಕಿರ್ತಾರಾ ಅಥ್ವಾ ಎಸೆನ್ಸಾ? ಬೇರೆ ಸಿಗಾರ್ ಜೊತೆ ಒಂದೇ ಡಬ್ಬೀಲಿ ಇಡಬಹುದಾ? ಜೊತೆಗೆ ನಮ್ಮ ಫಿಲ್ಟರ್ ಕಾಫಿ ಕುಡಿದ್ರೆ ಚೆನ್ನಾಗಿರುತ್ತಾ ಇಲ್ಲ ಕಾಫಿ ಮೇಲೆ ಕಾಫಿ ಆಗಿ ಕೆಡುತ್ತಾ? ಇನ್ನೊಂದು, ಹೋದ್ಸಲ ಸಿಗಾರ್ ಮುಗಿಯೋ ಹೊತ್ತಿಗೆ ತಲೆ ಸುತ್ತಿ ಬೆವರು ಬಂದಿತ್ತು, ಹೊಗೆ ಒಳಗೆ ಎಳ್ಕೊಂಡಿರ್ಲಿಲ್ಲ, ಆದ್ರೂ ಯಾಕೆ ಹಂಗಾಯ್ತು ಅಂತ ಯಾರಾದ್ರೂ ಹೇಳಿ.

ಟ್ಯಾಂಪಾ_ಭಟ್ರು:

ಸರ್, ಒಳ್ಳೇ ಪ್ರಶ್ನೆ. ನಾನು ಫ್ಲಾರಿಡಾದ ಟ್ಯಾಂಪಾದಲ್ಲಿದೀನಿ, ಸಿಗಾರಿಗೇ ಹೆಸರಾದ ಊರು ಇದು. ಇಲ್ಲಿ ಈಬೋರ್ ಸಿಟಿ ಅಂತ ಒಂದು ಏರಿಯಾ ಇದೆ, 1886ರಿಂದ ಕ್ಯೂಬಾದವ್ರು, ಸ್ಪೇನಿನವ್ರು, ಇಟಲಿಯವ್ರು ಬಂದು ಕೈಯಲ್ಲಿ ಸಿಗಾರ್ ಸುತ್ತಿದ ಜಾಗ. ಫ್ಯಾಕ್ಟರೀಲಿ ಒಬ್ರನ್ನ ಎತ್ತರದ ಕಟ್ಟೆ ಮೇಲೆ ಕೂರ್ಸಿ ಕೆಲಸಗಾರರಿಗೆ ಪೇಪರು, ಕಾದಂಬರಿ ಎಲ್ಲ ಜೋರಾಗಿ ಓದಿಸ್ತಿದ್ರಂತೆ, ಅವ್ರ ಸಂಬಳಕ್ಕೆ ಕೆಲಸಗಾರರೇ ದುಡ್ಡು ಹಾಕ್ತಿದ್ರು. 1910ರಲ್ಲಿ ಕಟ್ಟಿದ ಗಡಿಯಾರದ ಗೋಪುರದ ಫ್ಯಾಕ್ಟರಿ ಒಂದು ಇವತ್ತಿಗೂ ನಡೀತಿದೆ, ಈ ಕಡೆ ಬಂದ್ರೆ ಖಂಡಿತ ನೋಡಿ. ಇಲ್ಲಿ ಸಿಗಾರ್ ಅಂದ್ರೆ ಪಕ್ಕದಲ್ಲಿ ಕಾಫಿ ಇರ್ಲೇಬೇಕು, ಹಾಲು ಹಾಕಿದ ಕಫೆ ಕಾನ್ ಲೆಚೆ, ಹೆಚ್ಚು ಕಮ್ಮಿ ನಮ್ಮ ಸ್ಟ್ರಾಂಗ್ ಕಾಫಿ ಥರಾನೇ. ಅದಕ್ಕೇ ಈ ವಿಷಯ ಬಂದ್ರೆ ನಂಗೆ ಖುಷಿ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಮೊದ್ಲು ತಿಳ್ಕೊಳ್ಬೇಕಾಗಿರೋದು ಏನಂದ್ರೆ ಕಾಫಿ ರುಚಿ ಸಿಗಾರಿಗೆ ಎರಡು ದಾರೀಲಿ ಬರುತ್ತೆ. ಒಂದು, ಹೊರಗಿಂದ ಹಿಡಿಸಿದ್ದು. ಹೊಗೆಸೊಪ್ಪನ್ನ ಘಮ ಇರೋ ರೂಮಲ್ಲಿ ಬಹಳ ದಿನ ಇಟ್ಟು ಆ ಘಮ ಎಲೆಗೆ ಹತ್ತೋ ಹಂಗೆ ಮಾಡ್ತಾರೆ, ಇಂಥವನ್ನ ಇನ್‌ಫ್ಯೂಸ್ಡ್ ಅಂತಾರೆ, ಸರಿಯಾಗಿ ಹೆಂಗೆ ಮಾಡ್ತಾರೆ ಅಂತ ಕಂಪನಿಯವ್ರು ಬಿಟ್ಟುಕೊಡಲ್ಲ. ನೀವು ನೋಡಿದ ಎರಡೂ ಇದೇ ಜಾತಿ, ಎರಡೂ ನಿಕರಾಗುವಾದಲ್ಲಿ ಡ್ರೂ ಎಸ್ಟೇಟ್ ಅನ್ನೋರು ಮಾಡೋದು. ಜಾವಾ ಅನ್ನೋದನ್ನ ಅವ್ರು ರಾಕಿ ಪಟೇಲ್ ಜೊತೆ ಸೇರಿ ಮಾಡಿದ್ದು, ಪಟೇಲ್ ನಮ್ಮ ದೇಶದ ಮೂಲದವ್ರೇ, ಲಾಯರ್ ಆಗಿದ್ದೋರು ಅದನ್ನ ಬಿಟ್ಟು 1990ರ ದಶಕದಲ್ಲಿ ಸಿಗಾರ್ ಕಂಪನಿ ಶುರು ಮಾಡಿದ್ರು. ಟಬಾಕ್ ಎಸ್ಪೆಷಲ್‌ಗೆ ನಿಕರಾಗುವಾದ ಕಾಫೀನೇ ಬಳಸ್ತಾರೆ. ಇದೇನು ಆಶ್ಚರ್ಯ ಅಲ್ಲ, ಯಾಕಂದ್ರೆ ಎಸ್ತೆಲಿ ಅನ್ನೋ ಸಿಗಾರ್ ಊರಿನ ಪಕ್ಕದ ಜಿಲ್ಲೆಗಳೇ ಹಿನೊತೇಗಾ, ಮತಗಾಲ್ಪ, ಆ ದೇಶದ ಕಾಫಿ ಬೆಟ್ಟಗಳು ಹೆಚ್ಚಾಗಿ ಇರೋದೇ ಅಲ್ಲಿ.

ಎರಡನೇ ದಾರಿ, ಯಾವ ಫ್ಲೇವರೂ ಹಾಕ್ದೆ ಸೊಪ್ಪಿಂದಾನೇ ಬರೋ ಕಾಫಿ ರುಚಿ. ಮಡೂರೋ ಅಂತಾರಲ್ಲ, ಕಪ್ಪು ಕಂದು ಬಣ್ಣದ ಹೊರ ಎಲೆ, ಅದನ್ನ ದೊಡ್ಡ ದೊಡ್ಡ ರಾಶಿ ಹಾಕಿ ತಿಂಗಳುಗಟ್ಟಲೆ ಅದರ ಕಾವಲ್ಲೇ ಹುದುಗಿಸ್ತಾರೆ, ಆವಾಗ ಎಲೆ ಕಪ್ಪಾಗಿ ಹುರಿದ ಕಾಫಿ, ಕೋಕೋ ಥರ ರುಚಿ ತಾನಾಗೇ ಕಟ್ಟುತ್ತೆ. ಕನೆಕ್ಟಿಕಟ್ ಬ್ರಾಡ್‌ಲೀಫ್, ಮೆಕ್ಸಿಕೋದ ಸಾನ್ ಆಂದ್ರೇಸ್, ಬ್ರೆಜಿಲಿನ ಮಾಟಾ ಫೀನಾ, ಈ ಮೂರು ಹೊರ ಎಲೆಗಳಲ್ಲಿ ಯಾವ ಹೆಸರು ಕಂಡ್ರೂ ಕಾಫಿ ರುಚಿ ಸಿಗೋ ಸಾಧ್ಯತೆ ಜಾಸ್ತಿ.

ನನ್ನ ಅಭಿಪ್ರಾಯ ಕೇಳಿದ್ರೆ, ನಿಮಗೆ ಖಾರ ಅನ್ಸುತ್ತೆ ಅಂದ್ರಲ್ಲ, ಮೊದ್ಲು ತಿಳಿ ಬಣ್ಣದ ಕನೆಕ್ಟಿಕಟ್ ಶೇಡ್ (ನೆರಳಲ್ಲಿ ಬೆಳೆದ) ಎಲೆ ಇರೋದನ್ನ ತಗೊಳ್ಳಿ, ಜಾವಾದಲ್ಲಿ ಲಾಟೆ, ಟಬಾಕ್‌ನಲ್ಲಿ ಡುಲ್ಸೆ. ಹಾಲು ಕಾಫಿ ಥರ ಮೆತ್ತಗಿರುತ್ತೆ. ಕಪ್ಪಗಿರೋ ಜಾವಾ ಮಡೂರೋ, ಟಬಾಕ್ ನೆಗ್ರಾ ಇವು ಸ್ವಲ್ಪ ಗಟ್ಟಿ. ಸೈಜು ಚಿಕ್ಕದೇ ತಗೊಳ್ಳಿ, ನಾಲ್ಕಿಂಚಿನ ತೆಳ್ಳಗಿರೋದು ಡಬ್ಬೀಲಿ ಸಿಗುತ್ತೆ. ಇಂಥವಕ್ಕೆ ತುದೀಗೆ ಸಿಹಿ ಹಚ್ಚೋದು ವಾಡಿಕೆ, ತುಟಿಗೆ ತಾಕಿದ ತಕ್ಷಣ ಗೊತ್ತಾಗುತ್ತೆ, ಕೆಲವ್ರಿಗೆ ಇಷ್ಟ, ನಂಗಂತೂ ಆಗಲ್ಲ.

ಪೆಟ್ರೋಲ್ ಬಂಕಲ್ಲಿ ಸಿಗೋ ಪ್ಲಾಸ್ಟಿಕ್ ಪೊಟ್ಟಣದ ಮೆಶಿನ್ ಸಿಗಾರ್ ಮಾತ್ರ ಬೇಡವೇ ಬೇಡ. ಅವು ಬೇರೇನೇ ವಸ್ತು, ಸೊಪ್ಪಿನ ಪುಡೀನ ಹಾಳೆ ಥರ ಮಾಡಿ ಸುತ್ತಿ ಎಸೆನ್ಸ್ ಹೊಡೆದಿರ್ತಾರೆ.

ಇಡೋ ವಿಷಯ: ಬೇರೆ ಸಿಗಾರ್ ಜೊತೆ ಯಾವತ್ತೂ ಇಡ್ಬೇಡಿ. ವಾರದಲ್ಲಿ ಎಲ್ಲಾದಕ್ಕೂ ಕಾಫಿ ವಾಸನೆ ಹಿಡಿಯುತ್ತೆ, ಮರದ ಪೆಟ್ಟಿಗೆ ಆದ್ರೆ ಆ ಮರಕ್ಕೇ ಹತ್ತಿ ಆಮೇಲೆ ಹೋಗೋದೇ ಇಲ್ಲ. ಗಾಳಿ ಆಡದ ಒಂದು ಪ್ಲಾಸ್ಟಿಕ್ ಡಬ್ಬಿ, ಒಳಗೆ ಗಾಳೀಲಿ 65 ಅಥ್ವಾ 69 ಪರ್ಸೆಂಟ್ ತೇವ ಕಾಪಾಡೋ ಒಂದು ತೇವದ ಪ್ಯಾಕೆಟ್, ಅಷ್ಟು ಸಾಕು. ಡಲ್ಲಾಸಲ್ಲಿ ಎಸಿ ಓಡ್ತಾ ಇರೋ ಮನೇಲಿ ಹಂಗೇ ಟೇಬಲ್ ಮೇಲೆ ಬಿಟ್ರೆ ಬೇಗ ಒಣಗಿ ಎಲೆ ಬಿರಿಯುತ್ತೆ.

ಸೇದೋವಾಗ ನಿಮಿಷಕ್ಕೊಂದು ಎಳೆತ ಸಾಕು, ಜಾಸ್ತಿ ಎಳೆದ್ರೆ ಬಿಸಿಯಾಗಿ ನೀವು ಹೇಳಿದ ಆ ಖಾರ ಒಗರು ಬರುತ್ತೆ. ನಿಮಗೆ ಆಗಿರೋದು ಅರ್ಧ ಇದೇ ಅಂತ ನಂಗನ್ಸುತ್ತೆ.

ಪಿರಿಯಾಪಟ್ಣ_ಬ್ಯಾರನ್:

ಭಟ್ರೆ ತುಂಬಾ ಚೆನ್ನಾಗಿ ಹೇಳಿದ್ರಿ. ನಾನು ತಲೆ ಸುತ್ತಿದ ವಿಷಯಕ್ಕೆ ಸೇರಿಸ್ತೀನಿ, ನಮ್ಮನೇಲಿ ಹೊಗೆಸೊಪ್ಪು ಬೆಳೀತೀವಿ ಅದಕ್ಕೆ. ನಮ್ಮ ಪಿರಿಯಾಪಟ್ಣ, ಹುಣಸೂರು ಕಡೆ ಬೆಳೆಯೋದು ಸಿಗರೇಟಿಗೆ ಹೋಗೋ ವರ್ಜೀನಿಯಾ ಸೊಪ್ಪು, ಅದನ್ನ ಬ್ಯಾರನ್ (ಸೊಪ್ಪು ಒಣಗಿಸೋ ಮನೆ) ಒಳಗೆ ಏರಿಸಿ ಸೌದೆ ಹಾಕಿ ಕಾಯಿಸಿ ಕೆಲವೇ ದಿನದಲ್ಲಿ ಹಳದಿ ಬಣ್ಣಕ್ಕೆ ತಂದು ಒಣಗಿಸ್ತೀವಿ, ಹಂಗಾಗಿ ಎಲೇಲಿರೋ ಸಕ್ಕರೆ ಅಂಶ ಅಲ್ಲೇ ಉಳ್ಕೊಳುತ್ತೆ. ಸಿಗಾರ್ ಸೊಪ್ಪನ್ನ ಹಂಗೆ ಕಾಯ್ಸಲ್ಲ, ನೆರಳಲ್ಲಿ ಗಾಳಿಗೆ ನೇತಾಕಿ ವಾರಗಟ್ಟಲೆ ಒಣಗಿಸ್ತಾರೆ, ಆಮೇಲೆ ಹುದುಗಿಸ್ತಾರೆ, ಅಷ್ಟರಲ್ಲಿ ಸಕ್ಕರೆ ಹೆಚ್ಚುಕಮ್ಮಿ ಪೂರ್ತಿ ಹೋಗಿರುತ್ತೆ. ಸಕ್ಕರೆ ಇರೋ ಸೊಪ್ಪಿನ ಹೊಗೆ ಹುಳಿ ಕಡೆಗಿರುತ್ತೆ, ಅದ್ರ ನಿಕೋಟಿನ್ ಬಾಯಲ್ಲಿ ಅಷ್ಟಾಗಿ ಇಳಿಯಲ್ಲ, ಎದೆಗೆ ಎಳ್ಕೊಂಡ್ರೇನೇ ಹತ್ತೋದು. ಸಿಗಾರ್ ಹೊಗೆ ಕ್ಷಾರದ ಕಡೆಗೆ, ಹಂಗಾಗಿ ಬಾಯಲ್ಲಿ ಇಟ್ಕೊಂಡು ಬಿಟ್ರೂ ಒಳಗಿನ ಚರ್ಮದಿಂದಾನೇ ನಿಕೋಟಿನ್ ರಕ್ತಕ್ಕೆ ಹೋಗುತ್ತೆ. ನೀವು ಎಳ್ಕೊಂಡಿಲ್ಲ ಅಂದ್ರೂ ಬೆವರು ಬಂದಿದ್ದು ಇದಕ್ಕೇ. ಹಸಿ ಸೊಪ್ಪು ಮುರಿಯೋವಾಗ ಬೆಳಗ್ಗೆ ಇಬ್ಬನೀಲಿ ಮೈಗೆ ತಾಕಿದ್ರೂ ನಮ್ಮ ಕೆಲಸದವ್ರಿಗೆ ಹಿಂಗೇ ವಾಂತಿ ತಲೆಸುತ್ತು ಬರುತ್ತೆ, ಚರ್ಮದ ಮೂಲಕಾನೇ ಏರುತ್ತೆ ಅದು.

ಬರೀ ಹೊಟ್ಟೇಲಿ ಸೇದ್ಬೇಡಿ. ತಲೆ ಸುತ್ತಿದ್ರೆ ತಕ್ಷಣ ಅದನ್ನ ಇಟ್ಬಿಟ್ಟು ಸ್ವಲ್ಪ ಬೆಲ್ಲ ಇಲ್ಲ ಸಿಹಿ ಏನಾದ್ರೂ ತಿಂದು ನೀರು ಕುಡಿದು ಗಾಳೀಲಿ ಕೂತ್ಕೊಳ್ಳಿ.

ಶಿವಮೊಗ್ಗ_ದಂತವೈದ್ಯೆ:

ಚರ್ಚೆ ಚೆನ್ನಾಗಿದೆ, ಮಧ್ಯೆ ಬರ್ತಿರೋದಕ್ಕೆ ಬೇಜಾರ್ ಮಾಡ್ಕೊಬೇಡಿ ಆದ್ರೆ ಹೇಳ್ದೆ ಇರಕ್ಕಾಗಲ್ಲ. ಮೇಲಿನವ್ರು ಹೇಳಿದ್ದು ನೂರಕ್ಕೆ ನೂರು ಸರಿ, ಬಾಯಲ್ಲೇ ಹೀರ್ಕೊಳುತ್ತೆ, ಮತ್ತೆ ಅದ್ರ ಜೊತೆ ಬರೋ ಬೇರೆ ವಿಷಾನೂ ಬಾಯಲ್ಲೇ ಇರುತ್ತೆ. "ನಾನು ಇನ್‌ಹೇಲ್ ಮಾಡಲ್ಲ, ಏನಾಗಲ್ಲ" ಅಂತ ಪೇಷಂಟ್ಸ್ ದಿನಾ ಹೇಳ್ತಾರೆ. ಸಿಗಾರಿಂದ ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರ್ ಬರುತ್ತೆ ಅನ್ನೋದು ಸಾಬೀತಾಗಿರೋ ವಿಷಯ, ಒಳಗೆ ಎಳ್ಕೊಳ್ಳದೇ ಇರೋರಿಗೂ. ಒಂದು ದೊಡ್ಡ ಸಿಗಾರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಕಾಫಿ ಫ್ಲೇವರ್ ಹಾಕಿದ ಮಾತ್ರಕ್ಕೆ ಇದ್ರಲ್ಲಿ ಒಂದು ಚೂರೂ ಕಮ್ಮಿ ಆಗಲ್ಲ, ಬದಲಿಗೆ ಖಾರ ಗೊತ್ತಾಗಲ್ಲ ಅಂತ ಇನ್ನೊಂದು ಸೇದೋಣ ಅನ್ಸುತ್ತೆ, ನಂಗೆ ಭಯ ಇರೋದೇ ಅದು.

ಇವ್ರು ಯಾವಾಗಾದ್ರೂ ಒಂದು ಅಂತಿದಾರೆ, ದೊಡ್ಡೋರು, ಅವ್ರ ತೀರ್ಮಾನ. ಬಿಟ್ರೆ ಎಲ್ಲಕ್ಕಿಂತ ಒಳ್ಳೇದು. ಬಿಡಲ್ಲ ಅಂದ್ರೆ ಅದು ವಾರಕ್ಕೊಂದಾಗೋಕೆ ಬಿಡ್ಬೇಡಿ, ಮಕ್ಕಳು ಇರೋ ಕಡೆ ಹಚ್ಚಬೇಡಿ, ಬಾಯಲ್ಲಿ ಬಿಳಿ ಅಥ್ವಾ ಕೆಂಪು ಮಚ್ಚೆ ಬಂದು ಎರಡು ವಾರದಲ್ಲಿ ಹೋಗಲಿಲ್ಲ ಅಂದ್ರೆ ದಯವಿಟ್ಟು ತೋರಿಸ್ಕೊಳ್ಳಿ. ಮನೇಲಿ ಹದಿಹರೆಯದ ಮಕ್ಕಳಿದ್ರೆ ಆ ಡಬ್ಬಿಗೆ ಬೀಗ ಹಾಕಿ, ಚಾಕ್ಲೇಟ್ ಕಾಫಿ ವಾಸನೆ ಬರೋ ತಂಬಾಕೇ ಮಕ್ಕಳನ್ನ ಮೊದ್ಲು ಎಳೆಯೋದು. ಅಮೆರಿಕದಲ್ಲಿ 2022ರಲ್ಲಿ ಫ್ಲೇವರ್ ಸಿಗಾರ್ ನಿಲ್ಲಿಸ್ಬೇಕು ಅಂತ ಸರ್ಕಾರದ ಕಡೆಯಿಂದ ಪ್ರಸ್ತಾಪ ಬಂದಿದ್ದೇ ಈ ಕಾರಣಕ್ಕೆ, 2025ರಲ್ಲಿ ಅದನ್ನ ವಾಪಸ್ ತಗೊಂಡ್ರು, ನಂಗೆ ಅದು ಬಹಳ ಬೇಸರ ತಂದ ಸುದ್ದಿ.

ಕೊಪ್ಪ_ಟು_ಡಲ್ಲಾಸ್:

ಮೇಡಂ ಬೇಜಾರೇನಿಲ್ಲ, ಹೇಳಿದ್ದು ಒಳ್ಳೇದಾಯ್ತು, ಇಷ್ಟು ನೇರವಾಗಿ ನಂಗೆ ಯಾರೂ ಹೇಳಿರ್ಲಿಲ್ಲ. ಮಗಳು ಹೈಸ್ಕೂಲಲ್ಲಿದಾಳೆ, ಮನೇಲಿ ಇಡೋದೇ ಬೇಡ ಅನ್ಸ್ತಿದೆ ಈಗ, ಬೇಕಾದಾಗ ಅಂಗಡೀಲಿ ಒಂದೇ ಒಂದು ತಗೊಂಡ್ರಾಯ್ತು. ಭಟ್ರೆ, ಹಂಗಾದ್ರೆ ಡಬ್ಬಿ ಬಿಟ್ಟು ಒಂದೊಂದೇ ಬಿಡಿಯಾಗಿ ಕೊಡ್ತಾರಾ? ಮತ್ತೆ ನಾನು ಡಿಸೆಂಬರಲ್ಲಿ ಊರಿಗೆ ಬರೋವಾಗ ತನಗೂ ನಾಲ್ಕು ತರ್ಬೇಕು ಅಂತ ಬೆಂಗಳೂರಲ್ಲಿರೋ ಭಾವ ಅಂತಿದಾರೆ, ತರಬಹುದಾ? ಫಿಲ್ಟರ್ ಕಾಫಿ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ!

ಜಯನಗರ_4ನೇ_ಬ್ಲಾಕ್:

ಭಾವಂಗೆ ತರಬಹುದು ಸರ್. ವಿದೇಶದಿಂದ ಬರೋವಾಗ ಒಬ್ರಿಗೆ 25 ಸಿಗಾರ್ ತನಕ ಡ್ಯೂಟಿ ಇಲ್ಲ, ಇಲ್ಲಾಂದ್ರೆ 100 ಸಿಗರೇಟ್ ಅಥ್ವಾ 125 ಗ್ರಾಂ ತಂಬಾಕು, ಮೂರರಲ್ಲಿ ಯಾವುದಾದ್ರೂ ಒಂದು ಲೆಕ್ಕ ಮಾತ್ರ. ಜಾಸ್ತಿ ತಂದ್ರೆ ಡ್ಯೂಟಿ ಸಿಕ್ಕಾಪಟ್ಟೆ ಬೀಳುತ್ತೆ. ಇಲ್ಲಿ ರೂಲ್ಸ್ ಬಿಗಿ ಆಗಿದೆ ಅನ್ನೋದೂ ಭಾವಂಗೆ ಹೇಳಿ, ಕರ್ನಾಟಕದ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂದ್ಮೇಲೆ 21 ವರ್ಷದ ಒಳಗಿನವ್ರಿಗೆ ತಂಬಾಕು ಮಾರೋ ಹಂಗಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ದಂಡ ಸಾವಿರ ರೂಪಾಯಿ ತನಕ. ಮನೆ ಟೆರೇಸಲ್ಲೇ ಕೂರೋದು ಒಳ್ಳೇದು.

ಮೂಡಿಗೆರೆ_ಪೀಬೆರಿ:

ಫಿಲ್ಟರ್ ಕಾಫಿಗೆ ನಾನು ಬಂದೆ! ನಂದು ಕಾಫಿ ಹುಚ್ಚು, ಸಿಗಾರ್ ಅಪರೂಪಕ್ಕೆ ಮಾತ್ರ, ಹಂಗಾಗಿ ಕಾಫಿ ಕಡೆಯಿಂದ ಹೇಳ್ತೀನಿ. ಕಾಫಿ ಹಿಡಿಸಿದ ಸಿಗಾರ್ ಜೊತೆ ಚಿಕೋರಿ ಜಾಸ್ತಿ ಇರೋ ಕಾಫಿ ಬೇಡ, ಚಿಕೋರಿಯ ಸುಟ್ಟ ಸಿಹಿ ಕಹಿ, ಸಿಗಾರ್ ತುದೀಲಿರೋ ಸಿಹಿ, ಎರಡೂ ಸೇರಿದ್ರೆ ನಿಜವಾದ ಕಾಫಿ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಚಿಕೋರಿ ಇಲ್ಲದ ಅರೇಬಿಕಾ ಪೀಬೆರಿ ಅಥ್ವಾ ಪ್ಲಾಂಟೇಶನ್ ಎ ಪುಡಿ, ಡಿಕಾಕ್ಷನ್ ಗಟ್ಟಿ, ಹಾಲು ಹಾಕಿ, ಸಕ್ಕರೆ ಮಾತ್ರ ಪೂರ್ತಿ ಬಿಡಿ. ಸಿಹಿ ಸಿಗಾರಲ್ಲೇ ಇರುತ್ತಲ್ಲ. ಹಾಲಿನ ಕೊಬ್ಬು ನಾಲಿಗೆ ಮೇಲೆ ಕೂತು ಒಗರು ಕಮ್ಮಿ ಮಾಡುತ್ತೆ, ತಿಳಿ ಬಣ್ಣದ ಸಿಗಾರಿಗೆ ಇದು ಸರಿಹೋಗುತ್ತೆ.

ಆದ್ರೆ ನನ್ನ ಕೇಳಿದ್ರೆ ಭಟ್ರು ಹೇಳಿದ ಎರಡನೇ ದಾರೀನೇ ಸರಿ. ಫ್ಲೇವರ್ ಇಲ್ಲದ ಒಂದು ಸಣ್ಣ ಮಡೂರೋ, ಪಕ್ಕದಲ್ಲಿ ಹಾಲಿಲ್ಲದ ಮಾನ್ಸೂನ್ಡ್ ಮಲಬಾರ್. ಆ ಕಾಫಿ ಬೀಜಾನ ಮಂಗಳೂರು ಕಡೆ ಗೋದಾಮಲ್ಲಿ ಮಳೆಗಾಲದ ಗಾಳಿಗೆ ಹರವಿ ಉಬ್ಬಿಸಿರ್ತಾರೆ, ಹುಳಿ ಬಹಳ ಕಮ್ಮಿ, ಮಣ್ಣಿನ ವಾಸನೆ, ಮರದ ವಾಸನೆ ಇರುತ್ತೆ, ಸಿಗಾರ್ ಸೊಪ್ಪಿನ ವಾಸನೆಗೆ ಅದರಷ್ಟು ಹೊಂದೋ ಕಾಫಿ ನಂಗೆ ಬೇರೆ ಸಿಕ್ಕಿಲ್ಲ. ಮೊದ್ಲು ಅರ್ಧ ಕಪ್ ಕಾಫಿ ಕುಡೀರಿ, ನಾಲಿಗೆಗೆ ಅದ್ರ ರುಚಿ ಗೊತ್ತಾಗ್ಲಿ, ಆಮೇಲೆ ಹಚ್ಚಿ. ಹೊಗೆ ಮೊದ್ಲು ಹೋದ್ರೆ ಆಮೇಲೆ ಎಂಥಾ ಒಳ್ಳೇ ಕಾಫೀನೂ ಬರೀ ಕಹಿ ನೀರು. ಅಷ್ಟು ಕಷ್ಟಪಟ್ಟು ಬೆಳೆದ ಬೀಜ, ಅದನ್ನ ಹಂಗೆ ಹಾಳು ಮಾಡ್ಬೇಡಿ.

ಟ್ಯಾಂಪಾ_ಭಟ್ರು:

ಪೀಬೆರಿಯವ್ರೆ, ಮಾನ್ಸೂನ್ಡ್ ಮಲಬಾರ್ ನಂಗೆ ಹೊಳೆದೇ ಇರ್ಲಿಲ್ಲ, ಈ ವಾರಾನೇ ತರಿಸ್ತೀನಿ.

ಕೊಪ್ಪದವ್ರೆ, ಬಿಡಿಯಾಗಿ ಧಾರಾಳವಾಗಿ ಕೊಡ್ತಾರೆ, ಸಿಗಾರ್ ಅಂಗಡೀಲಿ ಒಂದೊಂದೇ ಮಾರೋದೇ ರೂಢಿ, ಆದ್ರೆ ಡಬ್ಬೀಲಿ ಬರೋ ಚಿಕ್ಕವು ಮಾತ್ರ ಡಬ್ಬಿ ಲೆಕ್ಕದಲ್ಲೇ ಬರುತ್ತೆ. ಬಿಡಿಯಾಗಿ ತಗೊಳ್ಳೋವಾಗ ಮೆಲ್ಲಗೆ ಒತ್ತಿ ನೋಡಿ, ಸ್ವಲ್ಪ ಬಗ್ಗಿ ವಾಪಸ್ ಬರ್ಬೇಕು, ಚರಚರ ಅಂದ್ರೆ ಒಣಗಿದೆ ಅಂತ ಅರ್ಥ. ಭಾವಂಗೆ ಅಂತ ತಗೊಂಡ್ರೆ ಹೊರಡೋ ಹಿಂದಿನ ದಿನ ತಗೊಳ್ಳಿ, ಜಿಪ್ ಕವರಲ್ಲಿ ತೇವದ ಪ್ಯಾಕೆಟ್ ಜೊತೆ ಹಾಕಿ ಕೈ ಬ್ಯಾಗಲ್ಲೇ ಇಟ್ಕೊಳ್ಳಿ, ಕೆಳಗೆ ಹಾಕೋ ಸೂಟ್‌ಕೇಸಲ್ಲಿ ಒತ್ತಿ ಮುರಿಯುತ್ತೆ. ಮೇಡಂ ಹೇಳಿದ್ದನ್ನೂ ಅವ್ರಿಗೆ ಓದಿ ಹೇಳಿ.