ಅಕ್ಕಾರಿಗೆ ಶಾಲು ಹಾಕೂದೋ, ಉಡಿ ತುಂಬೂದೋ?

ಕಲಘಟಗಿ ಕಡೆಯಾಕಿ:
ನಮಸ್ಕಾರ ರೀ. ನಮ್ಮದು ಧಾರವಾಡ ಜಿಲ್ಲಾದಾಗ ಒಂದು ಸಣ್ಣ ಸಂಸ್ಥಾ. ಹೆಣ್ಣಮಕ್ಕಳ ಸಂಘ, ಬಾಲವಾಡಿ, ಪಿಂಚಣಿ ಅರ್ಜಿ ಬರಕೊಡೂದು, ಇಂಥಾ ಕೆಲಸ. 24 ವರ್ಷ ನಡಸಿದ ಅಕ್ಕಾರು ಬರೋ ತಿಂಗಳು ನಿವೃತ್ತಿ ಆಗ್ತಾರ. ಕಮಿಟಿಯವರು ಪೆಂಡಾಲ್ ಹಾಕಿಸಿ, ಎಮ್ಮೆಲ್ಲೆ ಕರಸಿ, ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟಾ, ಮ್ಯಾಲೆ ಒಂದು ತೊಲಿ ಬಂಗಾರ ಅಂತಾರ. ಸಂಘದ ಹೆಣ್ಣಮಕ್ಕಳು ಬ್ಯಾರೆ ಅಂತಾರ: ‘ನಾವು ಅಕ್ಕಾರಿಗೆ ಉಡಿ ತುಂಬಾವ್ರು.’

ಅವರ ಯಜಮಾನರು ತೀರಿ ಭಾಳ ವರ್ಷಾತು. ಯಾರದರ ಮನಿ ಕುಬಸಕ್ಕ, ಅಂದ್ರ ಸೀಮಂತಕ್ಕ, ಕರದ್ರ ಹೋಗ್ತಾರ. ಆದ್ರ ಉಡಿ ತುಂಬೋ ಹೊತ್ತಿಗೆ ಸುಮ್ಮನ ಎದ್ದು ಅಡಿಗಿಮನ್ಯಾಗ ತಾಟು ತೊಳಕೋತ ನಿಂತಿರ್ತಾರ. ನಾ ಕಣ್ಣಾರೆ ನೋಡೀನಿ. ಈಗ ನಾವು ತುಂಬ್ತೀವಿ ಅಂದ್ರ ಅವರಿಗೆ ಖುಷಿ ಆಗ್ತದೋ, ಸಂಕಟ ಆಗ್ತದೋ?

ಲೆಕ್ಕದ ಮೇಷ್ಟ್ರು:
ಉಡಿ ವಿಷಯ ನನಗೆ ತಿಳಿಯದು. ಬಂಗಾರದ ಬಗ್ಗೆ ಮಾತ್ರ ಹೇಳ್ತೀನಿ: ಟ್ರಸ್ಟಿನ ದುಡ್ಡಿನಲ್ಲಿ ಬೇಡ. ನಡೆಸುವವರಿಗೇ ಸಂಸ್ಥೆಯ ಹಣದಿಂದ ಲಾಭ ಮಾಡಿಕೊಟ್ಟರೆ ಆದಾಯ ತೆರಿಗೆಯವರು ಪ್ರಶ್ನೆ ಎತ್ತುತ್ತಾರೆ. ಕೊಡಲೇಬೇಕಾದರೆ ಎಲ್ಲರೂ ಕೈಯಿಂದ ಹಾಕಿ. ಅದಕ್ಕಿಂತ ಮೊದಲು, ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷ ಲೆಕ್ಕ ಹಾಕಿ ಕೊಡುವ ಹಣ, ತೆಗೆದಿಟ್ಟಿದ್ದೀರಾ? ಸಂಬಳದವರು 10 ಜನ ಅಥವಾ ಹೆಚ್ಚು ಇದ್ದರೆ ಅದು ಉಡುಗೊರೆಯಲ್ಲ, ಅವರ ಹಕ್ಕು. ಕೊನೆಯ ತಿಂಗಳ ಮೂಲ ವೇತನಕ್ಕೆ ತುಟ್ಟಿಭತ್ಯೆ ಇದ್ದರೆ ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ವರ್ಷಗಳಿಂದ ಗುಣಿಸಿ. ಎರಡೂ ಸೇರಿ 18,000, 24 ವರ್ಷ ಅಂದರೆ ಸುಮಾರು 2.49 ಲಕ್ಷ. ಶಾಲು ಹೊದಿಸಿ ಇದನ್ನು ಮರೆತ ಸಂಸ್ಥೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮಲೆನಾಡಿನವ:
ಅಭಿನಂದನಾ ಗ್ರಂಥಕ್ಕೆ ಮಾತ್ರ ಕೈ ಹಾಕಬೇಡಿ ಮಾರಾಯ್ರೆ. ನಮ್ಮಲ್ಲಿ 500 ಪ್ರತಿ ಹಾಕಿಸಿದ್ದು, ಬಂಡಲ್ ಬಿಚ್ಚದೆ ಅಟ್ಟದ ಮೇಲೆ ಕೂತಿದೆ.

ಬಾಗಲಕೋಟಿ ಅವ್ವ:
ತಂಗಿ, ವೇದಿಕಿ ಮ್ಯಾಲೆ ಒಮ್ಮಿಗೇ ಉಡಿ ತರಬ್ಯಾಡ. ಎಮ್ಮೆಲ್ಲೆ ಮುಂದ, ಫೋಟೋದವರ ಮುಂದ ಆಕಿ ಬ್ಯಾಡ ಅನ್ನಾಕೂ ಬರಂಗಿಲ್ಲ, ಹೂಂ ಅನ್ನಾಕೂ ಬರಂಗಿಲ್ಲ. ಮೊದಲ ಒಬ್ಬಾಕಿ ಹೋಗಿ ಕೇಳು. ಒಪ್ಪಿದ್ರ ಸಂಘದ ಕ್ವಾಣ್ಯಾಗ ಚಾಪಿ ಹಾಸಿ ತುಂಬ್ರಿ. ತುಂಬಾವ್ರಾಗ ಗಂಡ ಇಲ್ಲದಾಕೀನೂ ಇರಲಿ. ನಾನೂ ಅಂಥಾಕೀನ. ನನಗ ಮೊಮ್ಮಗಳು ತುಂಬಿದ್ಲು, ಸೆರಗು ಹಿಡಿಯಾಕ ಕೈ ನಡಗಿದ್ವು.

ಕಲಘಟಗಿ ಕಡೆಯಾಕಿ:
ನಿನ್ನೆ ಸಂಜಿ ಹೋಗಿ ಕೇಳಿದೆ ರೀ. ಅಕ್ಕಾರು ಪಾಸ್‌ಬುಕ್ ಜೋಡಸಾಕತ್ತಿದ್ರು. ಭಾಳ ಹೊತ್ತು ಮಾತಾಡ್ಲಿಲ್ಲ. ಆಮ್ಯಾಲೆ, ‘ಕೊಬ್ಬರಿ ಬಟ್ಟಲ ಈಗ ಎಷ್ಟು ತುಟ್ಟಿ ಆಗೇತಿ ಗೊತ್ತೈತೇನ?’ ಅಂದ್ರು. ಬ್ಯಾಡ ಅನ್ಲಿಲ್ಲ. ಗ್ರಾಚ್ಯುಟಿ ಮಾತು ತಗದ್ರ, ‘ಬಾಲವಾಡಿ ಆಯಾಗೋಳದೂ ಲೆಕ್ಕ ಹಾಕ್ರಿ’ ಅಂದ್ರು. ಮೇಷ್ಟ್ರ, ಅದನ್ನೂ ನಿಮಗ ಕೇಳ್ತೀನಿ, ವಿವರ ತಗೊಂಡು ಬರ್ತೀನಿ. ಪೆಂಡಾಲ್ ರದ್ದಾತು. ಉಡಿಯಾಗ ಇಡಾಕ ಗುಳೇದಗುಡ್ಡದ ಖಣಕ್ಕ ಹೇಳಿ ಕಳಿಸೀವಿ.