ಬಸದಿ ಮತ್ತು ಗುತ್ತಿನ ಮನೆಗಳಿಗೆ ಮಡಚುವ 4×5 ಕ್ಯಾಮೆರಾ: ಯಾವುದನ್ನು ಕೊಳ್ಳಲಿ?

ಪ್ರಶ್ನೆ (ಉಡುಪಿಯಿಂದ)

ನಮಸ್ಕಾರ. ಹಲವು ವರ್ಷಗಳಿಂದ ಹಳೆಯ ಯಾಶಿಕಾದಲ್ಲಿ 120 ಫಿಲ್ಮ್ ಹಾಕಿಕೊಂಡು ಜಿಲ್ಲೆಯ ಬಸದಿಗಳನ್ನೂ ಗುತ್ತಿನ ಮನೆಗಳನ್ನೂ (ತುಳುನಾಡಿನ ಹಳೆಯ ಮನೆತನಗಳ ದೊಡ್ಡ ಮನೆಗಳು) ತೆಗೆಯುತ್ತಿದ್ದೇನೆ. ಕಾರ್ಕಳದ ಚತುರ್ಮುಖ ಬಸದಿಯ ಕಂಬಗಳು ಮೇಲೆ ಹೋದಂತೆಲ್ಲ ಒಳಕ್ಕೆ ವಾಲಿದಂತೆ ಬರುವುದನ್ನು ನೋಡಿ ನೋಡಿ ಬೇಸತ್ತು, ಈಗ ಲೆನ್ಸನ್ನು ಮೇಲೆ ಕೆಳಗೆ ಸರಿಸಲು ಬರುವ ಮಡಚುವ ಕ್ಯಾಮೆರಾ ಕೊಂಡು, 4×5 ಇಂಚಿನ ಶೀಟ್ ಫಿಲ್ಮಿಗೆ (ಒಂದೊಂದೇ ಹಾಳೆಯಾಗಿ ಹಾಕುವ ಫಿಲ್ಮಿಗೆ) ಹೋಗುವುದೆಂದು ನಿರ್ಧರಿಸಿದ್ದೇನೆ. ಮನಸ್ಸಿನಲ್ಲಿರುವುದು ಮೂರು: ಹೊಸ ಇಂಟ್ರೆಪಿಡ್ (ಮರದ್ದು), ಬಳಸಿದ ಟೊಯೊ 45ಎ (ಲೋಹದ್ದು), ಬಳಸಿದ ಕ್ರೌನ್ ಗ್ರಾಫಿಕ್. ಮೊಣಕಾಲು ಮೊದಲಿನಂತಿಲ್ಲವಾದ್ದರಿಂದ ಭಾರ ಕಡಿಮೆಯಿದ್ದಷ್ಟು ಒಳ್ಳೆಯದು. ಆದರೆ ನಮ್ಮ ಮಳೆಗಾಲದಲ್ಲಿ ಮರದ ಕ್ಯಾಮೆರಾ ಉಬ್ಬಿ ಬಿಗಿದುಕೊಳ್ಳುವುದಿಲ್ಲವೇ ಎಂಬ ಹೆದರಿಕೆಯೂ ಇದೆ. ಬಳಸಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮಂಗಳೂರಿನಿಂದ)

ಕ್ಯಾಮೆರಾವನ್ನು ಪಕ್ಕಕ್ಕಿಟ್ಟು ಮೊದಲು ಲೆನ್ಸನ್ನು ನಿಶ್ಚಯಿಸಿ. ನೀವು ಹೇಳಿದ ಕೆಲಸಕ್ಕೆ ಬೇಕಾಗುವುದು ಅಗಲ ನೋಟದ 90 ಎಂಎಂ. ಬಸದಿಯ ಅಂಗಳದಲ್ಲಿ ಹಿಂದೆ ಸರಿಯಲು ಜಾಗ ಎಲ್ಲಿದೆ? ಕ್ಯಾಮೆರಾವನ್ನು ಮಟ್ಟವಾಗಿಟ್ಟು ಫಿಲ್ಮನ್ನು ಉದ್ದಕ್ಕೆ ನಿಲ್ಲಿಸಿದರೆ, 10 ಮೀಟರ್ ದೂರದ ಗೋಡೆಯಲ್ಲಿ ಲೆನ್ಸಿನ ಮಟ್ಟಕ್ಕಿಂತ ಆರೂವರೆ ಮೀಟರಿನಷ್ಟು ಮೇಲಿನವರೆಗೆ ಮಾತ್ರ ಚಿತ್ರಕ್ಕೆ ಬರುತ್ತದೆ. ಅದೇ ಲೆನ್ಸನ್ನು 35 ಎಂಎಂ ಮೇಲಕ್ಕೆ ಸರಿಸಿದರೆ, ಅಂದರೆ ರೈಸ್ ಕೊಟ್ಟರೆ, ಹತ್ತು ಮೀಟರಿಗಿಂತ ಮೇಲಿನದೂ ಸಿಗುತ್ತದೆ, ಕಂಬಗಳೂ ನೆಟ್ಟಗೆ ನಿಲ್ಲುತ್ತವೆ. ಆದರೆ ಅಷ್ಟು ಸರಿಸಲು ಲೆನ್ಸಿನ ಬೆಳಕಿನ ವೃತ್ತ, ಅಂದರೆ ಫಿಲ್ಮಿನ ಕಡೆಗೆ ಅದು ಮೂಡಿಸುವ ದುಂಡನೆಯ ಚಿತ್ರ, ದೊಡ್ಡದಿರಬೇಕು. ಎಫ್/8ರ ಸೂಪರ್ ಆಂಗುಲಾನ್ ಎಂಬ 90 ಎಂಎಂ ಲೆನ್ಸಿನ ವೃತ್ತ 216 ಎಂಎಂ ಇರುವುದರಿಂದ ಇದು ಸಾಧ್ಯ. ಹೆಸರಿನಲ್ಲಿ 'ಸೂಪರ್' ಇಲ್ಲದ ಹಳೆಯ ಎಫ್/6.8ರ ಆಂಗುಲಾನ್ ಅಗ್ಗವಾಗಿ ಸಿಗುತ್ತದೆ, ಅಂಗೈಯಲ್ಲಿ ಅಡಗುವಷ್ಟು ಪುಟ್ಟದಾಗಿಯೂ ಇದೆ. ಆದರೆ ಅದು 4×5 ಹಾಳೆಯನ್ನು ತುಂಬಿಸುವುದೇ ಕಷ್ಟದಲ್ಲಿ, ರೈಸ್ ಕೊಟ್ಟ ಕೂಡಲೇ ಮೂಲೆಗಳು ಕಪ್ಪಾಗುತ್ತವೆ. ನಾನು ಮೊದಲು ಕೊಂಡದ್ದು ಅದನ್ನೇ, ಮಾರಿದ್ದೂ ಅದನ್ನೇ.

ಇನ್ನು ಕ್ಯಾಮೆರಾ. ಮಡಚುವ ಕ್ಯಾಮೆರಾಗಳಲ್ಲಿ 90 ಎಂಎಂ ಹಾಕಿದಾಗ ಬೆಲ್ಲೋಸಿನ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಮಡಿಕೆಯ ತಿದಿಯ) ಮಡಿಕೆಗಳು ಒತ್ತೊತ್ತಾಗಿ ಕೂತು ರೈಸ್‌ಗೆ ಅಡ್ಡ ಬರುತ್ತವೆ. ಆಗ ಕ್ಯಾಮೆರಾವನ್ನೇ ಸ್ವಲ್ಪ ಮೇಲ್ಮುಖ ಮಾಡಿ, ಲೆನ್ಸ್ ಇರುವ ಮುಂದಿನ, ಫಿಲ್ಮ್ ಇರುವ ಹಿಂದಿನ ಎರಡೂ ಚೌಕಟ್ಟುಗಳನ್ನು ನೆಟ್ಟಗೆ ತಿರುಗಿಸಿ ಅದೇ ಫಲ ಪಡೆಯಬಹುದು. ಇದಕ್ಕೆ ಹಿಂದಿನ ಚೌಕಟ್ಟು ವಾಲಲೇಬೇಕು; ಕ್ರೌನ್ ಗ್ರಾಫಿಕ್‌ನಲ್ಲಿ ಅದು ಕದಲುವುದೇ ಇಲ್ಲ. ಪತ್ರಿಕೆಯವರು ಕೈಯಲ್ಲಿ ಹಿಡಿದು ಓಡಾಡಲೆಂದು ಮಾಡಿದ ಗಟ್ಟಿಮುಟ್ಟಾದ ಕ್ಯಾಮೆರಾ ಅದು, ಕಟ್ಟಡಗಳಿಗೆ ಹೇಳಿದ್ದಲ್ಲ. ಪಟ್ಟಿಯಿಂದ ಅದನ್ನು ತೆಗೆದುಬಿಡಿ.

ಉತ್ತರ 2 (ಮೂಡಬಿದಿರೆಯಿಂದ)

ಮರದ ಬಗ್ಗೆ ನೀವು ಹೆದರಬೇಕಾದಷ್ಟಿಲ್ಲ. ಇಂಟ್ರೆಪಿಡ್ ಬರ್ಚ್ ಪ್ಲೈವುಡ್ಡಿನದು. ಪ್ಲೈವುಡ್ಡಿನಲ್ಲಿ ಪದರಗಳ ನಾರು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಒಂದೇ ಹಲಗೆಯ ಮರದಷ್ಟು ಅದು ಉಬ್ಬುವುದಿಲ್ಲ. ನನ್ನದು ಬೇರೆ ತಯಾರಿಕೆಯ, ಗಟ್ಟಿ ಮರದ ಹಳೆಯ ಕ್ಯಾಮೆರಾ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಅದರ ಜಾರುಹಲಗೆ ತುಸು ಬಿಗಿಯಾಗುತ್ತದೆ, ದೀಪಾವಳಿಯ ಹೊತ್ತಿಗೆ ತಾನಾಗಿಯೇ ಸಡಿಲವಾಗುತ್ತದೆ.

ನಿಜವಾದ ಶತ್ರು ಬೂಷ್ಟು. ಮೊದಲ ಮಳೆಗಾಲದಲ್ಲಿ ಕ್ಯಾಮೆರಾವನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೆ. ತಿಂಗಳ ಬಳಿಕ ತೆಗೆದು ನೋಡಿದರೆ ಬೆಲ್ಲೋಸಿನ ಚರ್ಮದ ಮೇಲೆ ಬಿಳಿಯ ಪುಡಿ, 150 ಎಂಎಂ ಲೆನ್ಸಿನ ಒಳಗೆ ಜೇಡರ ಬಲೆಯಂತೆ ಫಂಗಸ್. ಲೋಹದ ಕ್ಯಾಮೆರಾ ಕೊಂಡರೂ ಈ ಎರಡು ತಪ್ಪುವುದಿಲ್ಲ, ಏಕೆಂದರೆ ಬೆಲ್ಲೋಸ್ ಮತ್ತು ಲೆನ್ಸ್ ಅದಕ್ಕೂ ಇವೆ. ಅಕ್ಕಿ ಹಾಕುವಂತಹ ಗಾಳಿಯಾಡದ ದೊಡ್ಡ ಡಬ್ಬದಲ್ಲಿ ಸಿಲಿಕಾ ಜೆಲ್ ಇಟ್ಟು, ಅದರ ಬಣ್ಣ ಬದಲಾದಾಗಲೆಲ್ಲ ಬಿಸಿ ಮಾಡಿ ಮತ್ತೆ ಬಳಸಿ. ಬಳಸಿದ ಕ್ಯಾಮೆರಾ ಬಂದ ದಿನವೇ ಕತ್ತಲೆ ಕೋಣೆಯಲ್ಲಿ ಬೆಲ್ಲೋಸಿನೊಳಗೆ ಟಾರ್ಚ್ ಹಾಕಿ ನೋಡಿ. ಮಡಿಕೆಗಳ ಮೂಲೆಯಲ್ಲಿ ನಕ್ಷತ್ರದಂತೆ ಬೆಳಕು ಚುಕ್ಕೆ ಕಂಡರೆ ಹಿಂದಿರುಗಿಸುವುದೇ ಲೇಸು.

ಭಾರದ ವಿಷಯದಲ್ಲಿ ಒಂದು ಮಾತು. ಇಂಟ್ರೆಪಿಡ್ ಸುಮಾರು 1.2 ಕಿಲೋ, ಟೊಯೊ ಮೂರು ಕಿಲೋ ಸಮೀಪ. ಬಸದಿಯ ಒಳಗೆ ಈ ಹಗುರತನ ವರವೇ ಸರಿ. ಆದರೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಆ ಕಲ್ಲುಕಂಬಗಳ ಎದುರು ನಿಂತಾಗ, ಮಧ್ಯಾಹ್ನದ ಪಡುಗಾಳಿಗೆ ಬೆಲ್ಲೋಸ್ ಹಾಯಿಯಂತೆ ಅಲುಗುತ್ತದೆ. ಟ್ರೈಪಾಡಿಗೆ ಚೀಲ ತೂಗುಹಾಕಿ, ಇಲ್ಲವೇ ಬೆಳಗಿನ ಮೊದಲ ದೋಣಿಗೇ ಹೋಗಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಆ 6.8ರ ಆಂಗುಲಾನ್‌ಗೆ ನಿನ್ನೆಯಷ್ಟೇ ಬೆಲೆ ಕೇಳಿದ್ದೆ, ಕೈಬಿಟ್ಟೆ. ಕಂಬದ ಕೆತ್ತನೆಗಳನ್ನು ಹತ್ತಿರದಿಂದ ತೆಗೆಯಲು 150 ಎಂಎಂ ಸಾಕಾಗುತ್ತದೆಯೇ?

ಉತ್ತರ 1ರವರು

ಸಾಕು. ಕೆತ್ತನೆಯನ್ನು ಅದರ ನಿಜ ಗಾತ್ರದಲ್ಲೇ ಫಿಲ್ಮಿಗೆ ತರಬೇಕಾದರೆ ಬೆಲ್ಲೋಸ್ 300 ಎಂಎಂವರೆಗೆ ಚಾಚಬೇಕು, ಆದ್ದರಿಂದ ಕೊಳ್ಳುವಾಗ ಆ ಅಳತೆಯನ್ನು ಕೇಳಿ. ಅಷ್ಟು ಚಾಚಿದಾಗ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುವುದರಿಂದ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು, ಕೊಡುವುದನ್ನು ಮರೆಯಬೇಡಿ. ಇನ್ನೊಂದು, ಚತುರ್ಮುಖ ಬಸದಿ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಣೆಯಲ್ಲಿರುವುದರಿಂದ ಅಲ್ಲಿ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಪಡೆದಿರಬೇಕು. ಕ್ಯಾಮೆರಾ ಬರುವುದನ್ನು ಕಾಯದೆ ಅರ್ಜಿಯನ್ನು ಈಗಲೇ ಹಾಕಿ.